ಅಂಗಳದಾಗಿನ ಕೆಂಪು ಕಲಿ

ಮುಂಜಾನೆದ್ದು ಅಂಗಳಾ ತೊಳದು ರಂಗೋಲಿ ಹಾಕೂದು ನಮ್ಮ ಮನ್ಯಾಗ ನನ್ನ ಕೆಲಸ. ಗಾಡಿ ನಿಲ್ಲಿಸೂ ಕಡೆ ಫರಸಿ ಮ್ಯಾಗ ರೂಪಾಯಿಯಷ್ಟು ಅಗಲದ ಕೆಂಪನ ಕಲಿ ಮೊದಲ ಸಲ ಕಂಡಾಗ, ಯಾರೋ ಎಲಿ ಅಡಕಿ ಉಗುಳ್ಯಾರ ಅಂತ ಬೈಕೋಂತ ತಿಕ್ಕಿ ತೊಳದೆ. ಮರುದಿನ ಅದ ಜಾಗಾದಾಗ ಮತ್ತ ಇತ್ತು. ಮೂರನೇ ದಿನ ಬಟ್ಟು ಹಚ್ಚಿ ನೋಡಿದೆ. ಜಿಡ್ಡು ಜಿಡ್ಡು.

ಮನಿಯವರಿಗೆ ತೋರಿಸಿದ್ರ, "17 ವರ್ಷದ ಗಾಡಿ, ಒಂದೀಟ ಸೋರತೈತಿ. ಸ್ಟೇರಿಂಗ್ ಎಣ್ಣಿ ಅದು, ಹಾಕಿದ್ರ ಆತು" ಅಂದ್ರು. ಹಾಕಿದ್ರು. ಎಂಟ ದಿನಕ್ಕ ಮತ್ತ ಹಾಕಿದ್ರು. ನಾ ಸುಮ್ನ ಹಾಲಿನ ಲೆಕ್ಕದ ಕ್ಯಾಲೆಂಡರಿನಾಗ, ಎಣ್ಣಿ ಹಾಕಿದ ದಿನಕ್ಕೆಲ್ಲಾ ಒಂದೊಂದ ಚುಕ್ಕಿ ಇಡಾಕ ಶುರು ಮಾಡಿದೆ. ಚುಕ್ಕಿ ಎಂಟ ದಿನಕ್ಕ ಇದ್ದದ್ದು ಐದ ದಿನಕ್ಕ ಬಂತು, ಆಮ್ಯಾಲೆ ಮೂರಕ್ಕ.

ನಿಮಗೆಲ್ಲಾ ಗೊತ್ತೈತಿ, ನಮ್ಮ ಹಿರೇಮಗಳನ್ನ ನರಗುಂದಕ್ಕ ಕೊಟ್ಟೇವಿ. ಏಳರಾಗ ಕುಬಸ ಮಾಡಿ ರೋಣಕ್ಕ ಕರಕೊಂಡ ಬರೂದಿತ್ತು. ಸೀರಿ ತರಾಕ ಗಜೇಂದ್ರಗಡಕ್ಕ ಹೊಂಟ್ವಿ. ಅಲ್ಲೀ ಕೈಮಗ್ಗದ ಪಟ್ಟೇದಂಚಿನ ಸೀರೀನ ಉಡಸಬೇಕು ಅಂತ ನಮ್ಮ ಅತ್ತೀ ಹಟ. ಊರ ಹತ್ರ ಗುಡ್ಡದ ಕಡೆ ತಿರುವಿನಾಗ ಸ್ಟೇರಿಂಗ್ ತಿರುವಿದ್ರ "ಗೊಂಯ್" ಅಂತ ನರಳೂ ಸಪ್ಪಳ. ಮುಂದ ಪ್ಯಾಟ್ಯಾಗ ಗಾಡಿ ಹಚ್ಚೂವಾಗ ಸ್ಟೇರಿಂಗ್ ಬೀಸೂ ಕಲ್ಲಿನಂಗ ಬಿಗೀತು. ಅಷ್ಟರಾಗ ಬಾನೆಟ್ ಸಂದಿಲಿಂದ ಬೆಳ್ಳನ ಹೊಗಿ ಬಂತು, ಸುಟ್ಟ ಎಣ್ಣಿ ವಾಸನಿ. ಅತ್ತಿ ಗಾಬರಿಯಾಗಿ ಬಾಗಲಾ ತಗದು ಇಳದ ಬಿಟ್ರು. ಹೆಂಗೋ ಎಣ್ಣಿ ತುಂಬಿಸಿ, ತಣ್ಣಗಾದ ಮ್ಯಾಲೆ ಮೆಲ್ಲಕ ಮನಿಗೆ ತಂದ್ವಿ. ಹಂಗ ತರಬಾರದಿತ್ತು, ಅದು ಆಮ್ಯಾಲೆ ತಿಳೀತು.

ಮೊದಲ ತೋರಿಸಿದ ಗ್ಯಾರೇಜಿನವರು ಗಾಡಿ ಚಾಲೂ ಮಾಡಿ, ಹಿಂದ ಸೈಲೆನ್ಸರ್ ನೋಡಿ, "ಇಂಜಿನ್ ಇಳಸಬೇಕ್ರಿ, ಹೊಗಿ ಬರಾಕತ್ತೇತಿ" ಅಂದ್ರು. ಅವರು ಹೇಳಿದ ರೊಕ್ಕ ಅಂದ್ರ ನಮ್ಮ ಬಾಣಂತನದ ಖರ್ಚು ಅಷ್ಟೂ. ಆ ರಾತ್ರಿ ಮನಿಯವರೂ ನಾನೂ ಉಣ್ಣಲಿಲ್ಲ.

ಮರುದಿನ ಊರಾಗಿನ ಇನ್ನೊಬ್ಬ ಹಿರೇ ಮಿಸ್ತ್ರಿನ್ನ ಮನೀಗೇ ಕರಸಿದ್ವಿ. ಅವರು ಪಾನಾ ಹಿಡಿಯೂಕಿಂತ ಮೊದಲ ಮೂರು ಮಾತು ಕೇಳಿದ್ರು: ಹೊಗಿ ಎಲ್ಲಿಂದ ಬಂತು? ಎಂಥಾ ಬಣ್ಣ? ಯಾವಾಗ ಬರತೈತಿ? ಮನಿಯವರು ತಲಿ ಕೆರಕೊಂಡ್ರು. ನಾ ಕ್ಯಾಲೆಂಡರ್ ತಂದು ಹೇಳಿದೆ: "ಬೆಳ್ಳನ ಹೊಗಿ ಮುಂದ ಬಾನೆಟ್ಟಿನಿಂದ, ಗಾಡಿ ಕಾದ ಮ್ಯಾಲೆ. ಹಿಂದ ಸೈಲೆನ್ಸರಿನಿಂದ ಬರೂದು ನೀಲಿ, ಮುಂಜಾನೆ ಚಾಲೂ ಮಾಡಿದಾಗ ಒಂದೀಟ, ಆಮ್ಯಾಲೆ ಇಲ್ಲ." ಅವರು ನಕ್ಕು, "ಅಕ್ಕಾರ, ಇವು ಎರಡು ಬ್ಯಾರೆ ಬ್ಯಾರೆ ಜಡ್ಡು. ಕೂಡಿಸಿ ಒಂದ ಮಾಡಬ್ಯಾಡ್ರಿ" ಅಂದ್ರು.

ಅವರು ಬಿಡಿಸಿ ಹೇಳಿದ್ದು ನಿಮಗೂ ಹೇಳತೀನಿ. ಇಂಥಾ ಗಾಡ್ಯಾಗ ಇಂಜಿನ್ ಬೆಲ್ಟು ಒಂದು ಪಂಪ್ ತಿರಗಸತೈತಿ. ಆ ಪಂಪು ಎಣ್ಣೀನ್ನ ಜೋರಲೆ ಪೈಪಿನಾಗ ದೂಡಿ ಸ್ಟೇರಿಂಗ್ ಹಗುರ ಮಾಡತೈತಿ. ಎಣ್ಣಿ ಕಮ್ಮಿ ಆದ್ರ ಒಳಗ ಗಾಳಿ ಹೊಕ್ಕು ಬುರುಗು ಏಳತೈತಿ, ಪಂಪು ನರಳತೈತಿ. ಪೂರ್ತಿ ಒಣಗಿದ್ರ ಪಂಪು ಹೋಗತೈತಿ. ಆಗೂ ಗಾಲಿ ತಿರಗತಾವು, ಆದ್ರ ಎರಡೂ ಕೈಲೆ ಜಗ್ಗಬೇಕು. ನಡು ಸಂತ್ಯಾಗ ಹಂಗಾದ್ರ?

ಸೋರೂದು ಎಲ್ಲಿ ಅಂತ ಹುಡಕೂದು ಸುಲಭಲ್ಲ. ನಮ್ಮ ಮಣ್ಣಿನ ಮ್ಯಾಳಗಿ ಸೋರೂದು ನೆನಸ್ರಿ. ನೀರು ಇಳಿಯೂದು ಒಂದ ಕಡೆ, ತೊಲಿ ಹಿಡದ ಹರದು ಹನಿ ಬೀಳೂದು ಇನ್ನೊಂದ ಕಡೆ. ಗಾಡೀದೂ ಹಂಗ. ಮಿಸ್ತ್ರಿ ಎಲ್ಲಾ ಒರಸಿ ಒಣಗಿಸಿ, ಇಂಜಿನ್ ಚಾಲೂ ಇಟ್ಟು, ಮನಿಯವರಿಗೆ ಸ್ಟೇರಿಂಗ್ ಅತ್ತಿತ್ತ ತಿರವಾಕ ಹಚ್ಚಿ, ಬ್ಯಾಟರಿ ಹಿಡದು ನೋಡಿದ್ರು. ಪಂಪಿಗೆ ಹಚ್ಚಿದ ರಬ್ಬರ್ ಪೈಪಿನ ಜೋಡಿನ ಹತ್ರ ಬಿರಕು. ಅಲ್ಲಿಂದ ಹನಿ ಕೆಳಗ ಕಾದ ಹೊಗಿ ಕೊಳವೀ ಮ್ಯಾಗ ಬಿದ್ದು ಕವಲಿ ಮ್ಯಾಲೆ ಎಣ್ಣಿ ಬಿದ್ದಂಗ ಸುಡತಿತ್ತು. ಬೆಳ್ಳನ ಹೊಗಿ ಅದಽ! "ನಕ್ಕ ಬಿಡೂ ಮಾತಲ್ರೀ ಇದು, ಕಾದ ಕೊಳವಿ ಮ್ಯಾಗ ಈ ಎಣ್ಣಿ ಬೆಂಕಿನೂ ಹತ್ತತೈತಿ" ಅಂದ್ರು. ನನಗ ಗಜೇಂದ್ರಗಡದ ದಾರಿ ನೆನಪಾಗಿ ಕೈ ಕಾಲು ತಣ್ಣಗಾದವು.

ಪೈಪು, ಕ್ಲಿಪ್ಪು ಹೊಸಾವು ಹಾಕಿ, ಮುಂದಿನ ಗಾಲಿ ಎತ್ತಿ, ಸ್ಟೇರಿಂಗ್ ಮೆಲ್ಲಕ ಕೊನೀತನಕ ಆ ಕಡೆ ಈ ಕಡೆ ತಿರವಿ ಒಳಗಿನ ಗಾಳಿ ತಗದ್ರು. ಇಂಜಿನ್ ಇಳಸೂ ಮಾತಿಗೆ ಹೋಲಿಸಿದ್ರ ಖರ್ಚು ಏನೂ ಅಲ್ಲ.

ಇನ್ನ ಹಿಂದಿನ ಹೊಗಿ. ಅದರ ಬಣ್ಣ ಓದೂದು ನಮಗೇನ ಹೊಸಾದ? ಕರೇ ಹೊಗಿ ಅಂದ್ರ ಚಿಮಣಿ ಬತ್ತಿ ಏರಿಸಿದಂಗ: ಎಣ್ಣಿ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್‍ನಾಗ ನಮ್ಮ ಎರಿ ಹೊಲದ ಧೂಳು ತುಂಬಿರತೈತಿ, ಇಲ್ಲಾ ಡೀಸೆಲ್ ಚಿಮ್ಮೂ ಇಂಜೆಕ್ಟರ್ ಕೆಟ್ಟಿರತಾವು. ನೀಲಿ ಅಂದ್ರ ಇಂಜಿನ್ ಆಯಿಲ್ ಸುಡಾಕತ್ತೇತಿ. ಬೆಳ್ಳಂದು ಥಂಡ್ಯಾಗ ಚಾಲೂ ಮಾಡಿದಾಗ ಒಂದೀಟ ಬಂದು ಹೋದ್ರ ಚಿಂತಿಲ್ಲ. ಗಾಡಿ ಕಾದ ಮ್ಯಾಲೂ ಬರತಿದ್ದು, ರೇಡಿಯೇಟರ್ ನೀರು ಕಮ್ಮಿ ಆಗತಿದ್ರ ಗಾಡಿ ಓಡಸಬ್ಯಾಡ್ರಿ. ನಮ್ಮದು ಮುಂಜಾನೆ ಮಾತ್ರ ನೀಲಿ. ವಾಲ್ವಿನ ರಬ್ಬರ್ ಸೀಲು ಗಟ್ಟಿಯಾಗಿ, ರಾತ್ರಿ ಆಯಿಲ್ ಒಳಗ ಇಳೀತೈತಂತ. ಆಯಿಲ್ ಕಡ್ಡಿ ವಾರಕ್ಕೊಮ್ಮೆ ನೋಡ್ಕೋಂತ ಇರ್ರಿ, ಸುಗ್ಗಿ ಆದ ಮ್ಯಾಲೆ ಮಾಡೂಣು ಅಂದ್ರು.

ನೀವೂ ನೆನಪಿಡ್ರಿ. ರಾತ್ರಿ ಗಾಡಿ ಕೆಳಗ ಒಂದು ರಟ್ಟು ಹಾಸ್ರಿ, ಎಲ್ಲಿ ಎಂಥಾ ಬಣ್ಣದ ಹನಿ ಬಿದ್ದಾವು ಮುಂಜಾನೆ ಕಾಣತೈತಿ. ಸ್ಟೇರಿಂಗ್ ಡಬ್ಬಿಗೆ ಕಂಪನಿ ಪುಸ್ತಕದಾಗ ಬರದ ಎಣ್ಣೀನ ಹಾಕ್ರಿ. ಬ್ರೇಕ್ ಆಯಿಲ್ ಹಾಕಿದ್ರ ರಬ್ಬರ್ ಸೀಲೆಲ್ಲಾ ಹಾಳಾಗತಾವು. ಇಂಜಿನ್ ಚಾಲೂ ಇದ್ದಾಗ ಬಗ್ಗಿ ನೋಡೂದಿದ್ರ ಸೆರಗು ಸೊಂಟಕ್ಕ ಸಿಗಸ್ರಿ, ಫ್ಯಾನು ಬೆಲ್ಟು ಜಗ್ಗಿ ಬಿಟ್ಟಾವು. ಹೊಗಿ ನೋಡೂದು ಬಯಲಾಗ, ಬಾಜೂಕ ನಿಂತು. ಮುಚ್ಚಿದ ಶೆಡ್ಡಿನಾಗ ಆ ಹೊಗಿ ಜೀವಾ ತಗೀತೈತಿ.

ಮಗಳನ್ನ ಕರಕೊಂಡ ಬಂದ್ವಿ. ಬೆಣ್ಣಿಹಳ್ಳದ ಸೀಮ್ಯಾಗ ರಸ್ತೇದ ತಗ್ಗಿಗೆ ಗಾಡಿ ಜಿಗದಾಗೊಮ್ಮೆ ನನ್ನ ಕಿವಿ ಆ "ಗೊಂಯ್" ಸಪ್ಪಳಕ್ಕ ಕಾಯತಿತ್ತು. ಬರಲಿಲ್ಲ. ಪಟ್ಟೇದಂಚಿನ ಸೀರಿ ಉಟಗೊಂಡ ಮಗಳು ಹಿಂದಿನ ಸೀಟಿನಾಗ ಅಜ್ಜೀ ಹೆಗಲಿಗೆ ತಲಿ ಇಟ್ಟು ನಿದ್ದಿ ಹೊಡೀತಿದ್ಲು.

ಎಣ್ಣಿ ಹಾಕೂದು ಅಂದ್ರ ರಿಪೇರಿ ಅಲ್ಲ, ಇಷ್ಟ ನಾ ಕಲತದ್ದು. ರಟ್ಟು ಇನ್ನೂ ಗಾಡಿ ಕೆಳಗ ಐತಿ. ಮುಂಜಾನೆ ಮೊದಲ ಅದನ್ನ ನೋಡತೀನಿ, ಆಮ್ಯಾಲೆ ರಂಗೋಲಿ.