ಆಪರೇಷನ್ ಆಗಿ ಆರು ವರ್ಷ, ಮತ್ತೆ 103 ಕೆಜಿ

ಕಳೆದ ವರ್ಷ ಕಡ್ಲೆಕಾಯಿ ರೇಟಿನ ಸುದ್ದಿಗೆ ಅಂತ ಎಪಿಎಂಸಿ ಯಾರ್ಡಿಗೆ ಹೋಗಿದ್ದೆ. ಮೂಟೆ ತೂಗುತ್ತಿದ್ದ ಹಮಾಲರೊಬ್ಬರು ತಮಾಷೆಗೆ, 'ಬನ್ನಿ ಸಾ, ನಿಮ್ದೂ ಒಂದು ತೂಕ ಹಾಕ್ಬಿಡಾಣ' ಅಂದರು. ಬೇಡ ಅಂದರೆ ಚೆನ್ನಾಗಿರಲ್ಲ ಅಂತ ಹತ್ತಿ ನಿಂತೆ. ಕೆಂಪು ಅಂಕಿ ಓಡಿ ಓಡಿ 103ಕ್ಕೆ ನಿಂತಿತು. 'ಕ್ವಿಂಟಾಲ್ ಮೇಲೆ ಮೂರು ಕೆಜಿ' ಅಂತ ಎಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ಗೋಡೌನ್ ಹಿಂದೆ ಬೈಕ್ ಮೇಲೆ ಕೂತಾಗ ಕೈ ನಡುಗುತ್ತಿತ್ತು.

ಯಾಕೆ ಅಂದರೆ, ಆರು ವರ್ಷದ ಹಿಂದೆ ನಾನು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವನು. ಆಗ 131 ಕೆಜಿ ಇದ್ದೆ. ಶುಗರ್ ಶುರುವಾಗಿತ್ತು, ರಾತ್ರಿ ಗೊರಕೆ ಹೊಡೆಯುತ್ತಾ ಉಸಿರು ನಿಂತು ಎದ್ದು ಕೂರುತ್ತಿದ್ದೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಲೀವ್ ಆಪರೇಷನ್ ಆಯಿತು. ಜಠರದ ಸುಮಾರು ಮುಕ್ಕಾಲು ಭಾಗ ತೆಗೆದು, ಬಾಳೆಹಣ್ಣಿನ ಆಕಾರದಲ್ಲಿ ಉಳಿದದ್ದನ್ನು ಹಾಗೇ ಬಿಡುತ್ತಾರೆ. ಖರ್ಚು ಮೂರು ಲಕ್ಷ ದಾಟಿತು. ಸುದ್ದಿ ಲೆಕ್ಕದಲ್ಲಿ ದುಡ್ಡು ಎಣಿಸುವ ಸ್ಟ್ರಿಂಗರ್ ಹತ್ತಿರ ಅಷ್ಟು ಎಲ್ಲಿಂದ ಬರಬೇಕು? ಅಕ್ಕ ತನ್ನ ನಾಲ್ಕು ಬಳೆ ಬಿಚ್ಚಿ ಕೊಟ್ಟಳು. ಅಮ್ಮ ಸೊಸೈಟಿಯಲ್ಲಿ ಸಾಲ ತೆಗೆದಳು. ಊರಲ್ಲಿ ನನಗೆ 'ಹೊಟ್ಟೆ ಕೊಯ್ಸಿದೋನು' ಅಂತ ಹೆಸರು ಬಿತ್ತು.

ಹದಿನಾಲ್ಕು ತಿಂಗಳಲ್ಲಿ 82ಕ್ಕೆ ಇಳಿದೆ. ಶುಗರ್ ಮಾತ್ರೆ ನಿಂತಿತು. ನಡುವೆ ಕೂದಲು ಉದುರಿ ಹೆದರಿಸಿತು, ಆಮೇಲೆ ಬಂತು. ಹಸಿವು ಅನ್ನುವುದೇ ಇರಲಿಲ್ಲ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ, ಅವರು ಕತ್ತರಿಸಿ ತೆಗೆಯುವುದೂ ಆ ಭಾಗವನ್ನೇ. ನಾನು ಗೆದ್ದೆ ಅಂದುಕೊಂಡೆ. ಗೆದ್ದದ್ದು ನಾನಲ್ಲ ಅಂತ ಆಗ ಹೊಳೆಯಲಿಲ್ಲ.

ಮುದ್ದೆಯ ವಿಷಯ ಹೇಳಬೇಕು. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಮುದ್ದೆ ಅಗಿಯುವವನನ್ನು ಕಂಡರೆ ಬೆಂಗಳೂರಿನ ನೆಂಟ ಬಂದ ಅಂತ ನಗುತ್ತಾರೆ. ಆಪರೇಷನ್ ಆಗಿ ಮೂರು ತಿಂಗಳಿಗೆ ಆಸೆ ತಡೆಯದೆ ಒಂದು ತುತ್ತು ನುಂಗಿದೆ. ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಾಯಿತು. ಬಾಯಲ್ಲಿ ನೊರೆ, ಕಣ್ಣಲ್ಲಿ ನೀರು, ಕೊನೆಗೆ ವಾಂತಿ. ಅಮ್ಮ ತಟ್ಟೆ ಮುಂದೆ ಕೂತು ಅತ್ತಳು. ಅವತ್ತಿಂದ ಮುದ್ದೆಗೆ ಹೆದರಿದೆ, ಜೊತೆಗೆ ಗಟ್ಟಿಯಾದ ಎಲ್ಲದಕ್ಕೂ ಹೆದರಿದೆ. ಕಾಳು ಬೇಡ, ಕೋಳಿ ಬೇಡ, ಮೊಟ್ಟೆ ಬೇಡ, ಎಲ್ಲ ಎದೆಗೆ ಒತ್ತುತ್ತವೆ.

ಹಾಗಾದರೆ ಯಾವುದು ಒತ್ತುವುದಿಲ್ಲ? ಮಂಡಕ್ಕಿ ಒತ್ತುವುದಿಲ್ಲ. ಟೀಯಲ್ಲಿ ಅದ್ದಿದ ಬಿಸ್ಕತ್ತು ಜಾರಿ ಹೋಗುತ್ತದೆ. ಬೇಕರಿಯ ಖಾರಾ ಬನ್, ದಿಲ್‌ಪಸಂದ್, ಮಿಕ್ಸ್ಚರ್, ಐಸ್‌ಕ್ರೀಂ, ಯಾವುದೂ ಎದೆಯಲ್ಲಿ ನಿಲ್ಲುವುದಿಲ್ಲ. ಬಾಯಲ್ಲೇ ಕರಗಿ ಹೊಟ್ಟೆಯಲ್ಲೂ ನಿಲ್ಲದೆ ಹೋಗುತ್ತವೆ, ಅದಕ್ಕೇ ಅರ್ಧ ಗಂಟೆಗೆ ಇನ್ನೊಂದು ಬೇಕು. ಚಿಕ್ಕದಾದ ಹೊಟ್ಟೆಗೆ ಊಟ ಹಿಡಿಸುವುದಿಲ್ಲ, ಆದರೆ ಇವು ದಿನವಿಡೀ ಹಿಡಿಸುತ್ತವೆ.

ನಮ್ಮ ಕೆಲಸ ಬೇರೆ ಹಾಗಿದೆ. ಪ್ರೆಸ್‌ಮೀಟ್ ಅಂದರೆ ಬೋಂಡಾ, ಮೈಸೂರು ಪಾಕು, ಕಾಫಿ. ಕೆಡಿಪಿ ಸಭೆ ಅಂದರೆ ಒಂದು ಸ್ವೀಟು, ಒಂದು ಖಾರ, ಬಾಳೆಹಣ್ಣು. ಅಪಘಾತದ ಸುದ್ದಿಗೆ ಹೋದರೆ ಪೊಲೀಸರು ಬರುವ ತನಕ ಟೀ ಅಂಗಡಿ. ಟೀ ಅಂದರೆ ಬೈಟು, ಅರ್ಧ ಲೋಟ, ಅದನ್ನು ಯಾರು ಎಣಿಸುತ್ತಾರೆ? ದಿನಕ್ಕೆ ಹತ್ತು ಆಗುತ್ತಿತ್ತು. ಒಂದಕ್ಕೆ ಒಂದು ಚಮಚ ಸಕ್ಕರೆ ಹಿಡಿದರೂ 50 ಗ್ರಾಂ.

ಮೂರನೇ ವರ್ಷದಿಂದ ತೂಕ ಏರಿತು, 86, 90, 95. ಆಸ್ಪತ್ರೆಯವರು ಫೋನ್ ಮಾಡಿ ಚೆಕಪ್‌ಗೆ ಕರೆದರೆ 'ಎಲೆಕ್ಷನ್ ಡ್ಯೂಟಿ ಮೇಡಂ' ಅನ್ನುತ್ತಿದ್ದೆ. ನಮ್ಮ ರಾಜ್ಯದಲ್ಲಿ ಯಾವಾಗಲೂ ಯಾವುದೋ ಒಂದು ಎಲೆಕ್ಷನ್ ಇದ್ದೇ ಇರುತ್ತದೆ, ಅನುಕೂಲ. ಮಾತ್ರೆಗಳನ್ನೂ ಬಿಟ್ಟೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಇವನ್ನೆಲ್ಲ ಜೀವನಪೂರ್ತಿ ತಗೋಬೇಕು ಅಂತ ಮೊದಲೇ ಹೇಳಿದ್ದರು. ದಪ್ಪಗೆ ಇದ್ದೀನಲ್ಲ, ನನಗೆಂಥ ವಿಟಮಿನ್ ಕೊರತೆ ಅಂದುಕೊಂಡೆ.

ಎಪಿಎಂಸಿಯಲ್ಲಿ ತೂಗಿಸಿಕೊಂಡ ರಾತ್ರಿಯೇ ಯೂಟ್ಯೂಬ್ ತೆರೆದೆ. ಐದು ದಿನ ಬರೀ ನೀರು, ಸೂಪು, ಜ್ಯೂಸು ಕುಡಿದರೆ ಹಿಗ್ಗಿದ ಹೊಟ್ಟೆ ಮತ್ತೆ ಚಿಕ್ಕದಾಗುತ್ತದೆ ಅಂತ ಒಬ್ಬ ಹೇಳುತ್ತಿದ್ದ. ಮಾಡಿದೆ. ಮೂರು ಕೆಜಿ ಇಳಿಯಿತು. ಆರನೇ ದಿನ ಬೇಕರಿಗೆ ಹೋದವನು ವಾಪಸ್ ಬರಲು ಒಂದು ಗಂಟೆ ಹಿಡಿಯಿತು. ಹತ್ತು ದಿನಕ್ಕೆ ಮೂರೂ ಕೆಜಿ ಬಂದವು.

ಕೊನೆಗೆ ಆಸ್ಪತ್ರೆಗೆ ಓಡಿಸಿದ್ದು ತೂಕ ಅಲ್ಲ, ಕಾಲು. ಪಾದ ಜೋಮು ಹಿಡಿದ ಹಾಗೆ ಇರುತ್ತಿತ್ತು. ಒಂದು ದಿನ ಬೈಕ್ ಇಳಿದು ತಹಶೀಲ್ದಾರ್ ಆಫೀಸಿನ ಮೆಟ್ಟಿಲು ಹತ್ತಿದೆ, ಒಂದು ಕಾಲಿನ ಚಪ್ಪಲಿ ಕೆಳಗೇ ಬಿದ್ದಿದ್ದು ಗೊತ್ತೇ ಆಗಿರಲಿಲ್ಲ. ಅಟೆಂಡರ್ ಎತ್ತಿಕೊಂಡು ಬಂದು, 'ಸಾ, ನಿಮ್ದೇ ಅಲ್ವಾ' ಅಂದ.

ಬೆಂಗಳೂರಿನ ಬಸ್ಸಲ್ಲಿ ಕೂತು ಡಾಕ್ಟರ್ ಬೈದರೆ ಏನು ಹೇಳಬೇಕು ಅಂತ ತುಮಕೂರು ದಾಟುವ ತನಕ ಉರು ಹೊಡೆದೆ. ಅವರು ಬೈಯಲಿಲ್ಲ. 'ವರ್ಷಗಳು ಕಳೆದ ಮೇಲೆ ಸ್ವಲ್ಪ ತೂಕ ವಾಪಸ್ ಬರೋದು ತುಂಬಾ ಜನಕ್ಕೆ ಆಗುತ್ತೆ. ನೀವು ಬರದೆ ಇದ್ದಿದ್ದು ತಪ್ಪು' ಅಂದರು. ರಕ್ತ ಪರೀಕ್ಷೆಯಲ್ಲಿ ಬಿ12 ಪಾತಾಳಕ್ಕೆ ಇಳಿದಿತ್ತು. ಅದನ್ನು ಹೀರಿಕೊಳ್ಳಲು ಬೇಕಾದ ಅಂಶ ಹುಟ್ಟುವುದು ಜಠರದಲ್ಲೇ. ಮುಕ್ಕಾಲು ಜಠರ ಹೋದವನು ಮಾತ್ರೆಯನ್ನೂ ಬಿಟ್ಟರೆ ನರ ಸೋಲುತ್ತದೆ. ಇಂಜೆಕ್ಷನ್ ಶುರು ಮಾಡಿದರು.

ಎಂಡೋಸ್ಕೋಪಿಯನ್ನೂ ಮಾಡಿದರು. ನಿಜ ಹೇಳಬೇಕು ಅಂದರೆ, ಹೊಟ್ಟೆ ಹಿಗ್ಗಿರಲಿ ಅಂತ ನಾನು ಒಳಗೊಳಗೇ ದೇವರಿಗೆ ಬೇಡಿಕೊಂಡಿದ್ದೆ. ಹಿಗ್ಗಿದ್ದರೆ ತಪ್ಪು ಹೊಟ್ಟೆಯದು, ಅಕ್ಕನ ಮುಂದೆ ಹಾಗೆ ಹೇಳಬಹುದಿತ್ತು. ಅಷ್ಟೇನೂ ಹಿಗ್ಗಿರಲಿಲ್ಲ.

ಡಯಟಿಷಿಯನ್ ಮೇಡಂ ಯಾವ ಪಟ್ಟಿಯನ್ನೂ ಕೊಡಲಿಲ್ಲ. 'ನೀವು ರಿಪೋರ್ಟರ್ ಅಲ್ವಾ? ಏಳು ದಿನ ಬಾಯಿಗೆ ಹೋಗಿದ್ದನ್ನೆಲ್ಲ ಟೈಮ್ ಹಾಕಿ ಬರೆದು ತನ್ನಿ' ಅಂದರು. ಸುದ್ದಿ ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಬರೆದೆ. ಮೊದಲ ದಿನ 'ಊಟ' ಅಂತ ಬರೆದದ್ದು ಮೂರು ಸಲ, ಅದೂ ಹಿಡಿಯಷ್ಟು. ಬಾಯಾಡಿಸಿದ್ದು ಹದಿನೇಳು ಸಲ. ನಾವು ಸಿಕ್ಕಿದವರಿಗೆಲ್ಲ 'ಊಟ ಆಯ್ತಾ' ಅಂತ ಕೇಳುತ್ತೇವೆ. 'ಇಲ್ಲ, ಹಿಡಿಸಲ್ಲ' ಅಂತ ನಾನು ಹೇಳುತ್ತಿದ್ದದ್ದು ಸುಳ್ಳಲ್ಲ. ಆ ಹದಿನೇಳರ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ.

ಆಮೇಲೆ ಮೇಡಂ ಹೇಳಿದ್ದು ಹೊಸದೇನಲ್ಲ, ಆರು ವರ್ಷದ ಹಿಂದೆ ಕೊಟ್ಟ ಚೀಟಿಯಲ್ಲೇ ಇತ್ತು. ಮೊದಲು ಪ್ರೋಟೀನ್, ದಿನಕ್ಕೆ 60 ಗ್ರಾಂ ಆದರೂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಅಂದರೆ ಲೆಕ್ಕ ನೀವೇ ಹಾಕಿ, ಸುಲಭ ಅಲ್ಲ. ಊಟದ ಜೊತೆ ನೀರು ಬೇಡ, ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ನೀರು ಸೇರಿದರೆ ಗಟ್ಟಿಯಾದದ್ದೂ ಜಾರುತ್ತದೆ, ಹೊಟ್ಟೆ ತುಂಬಿದ್ದು ಗೊತ್ತಾಗುವುದಿಲ್ಲ. ಚೆನ್ನಾಗಿ ಅಗಿದು, ಇಪ್ಪತ್ತು ನಿಮಿಷ ಕೂತು ತಿನ್ನಬೇಕು. ಇದು ಸ್ಲೀವ್ ಮಾಡಿಸಿದ ನನಗೆ ಹೇಳಿದ ಮಾತು. ಬೈಪಾಸ್ ಆದವರು, ಕಿಡ್ನಿ ತೊಂದರೆ ಇರುವವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಅಮ್ಮ ಹುರುಳಿಕಾಳು ಮೊಳಕೆ ಕಟ್ಟಿದಳು. ಬೆಳಿಗ್ಗೆ ಎರಡು ಮೊಟ್ಟೆ, ಹನ್ನೊಂದಕ್ಕೆ ಕಾಳಿನ ಉಸಲಿ, ಮಧ್ಯಾಹ್ನ ಅಲಸಂದೆ ಪಲ್ಯ ಅಥವಾ ಕೋಳಿ, ಆಮೇಲೆ ನಿಂಬೆಹಣ್ಣಿನಷ್ಟು ಮುದ್ದೆ. ಆ ಮುದ್ದೆಯನ್ನು ಅಗಿಯುತ್ತೇನೆ. ಅಗಿದರೆ ರಾಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ರುಚಿಯೂ ಬೇರೆ. ಮೊದಲ ದಿನ ಅಮ್ಮ ಬಾಗಿಲು ಮುಂದಕ್ಕೆ ತಳ್ಳಿದಳು, ಪಕ್ಕದ ಮನೆಯವರು ನೋಡದಿರಲಿ ಅಂತ.

ಮೊದಲ ಎರಡು ವಾರ ಕಷ್ಟ ಆಯಿತು. ಸಕ್ಕರೆ ಬಿಟ್ಟಿದ್ದಕ್ಕೆ ತಲೆನೋವು, ಸಿಡುಕು. ಸಂಜೆ ಐದಕ್ಕೆ ಬೇಕರಿ ಮುಂದೆ ಬೈಕ್ ತಾನಾಗಿ ನಿಧಾನ ಆಗುತ್ತಿತ್ತು. ಈಗ ಪ್ರೆಸ್‌ಮೀಟಿಗೆ ಜೇಬಲ್ಲಿ ಹುರಿಗಡಲೆ ಇರುತ್ತದೆ. ಟೀ ದಿನಕ್ಕೆ ಎರಡು, ಸಕ್ಕರೆ ಇಲ್ಲದ್ದು. 'ಶುಗರ್ರಾ ಸಾ?' ಅಂತ ಕೇಳುತ್ತಾರೆ. ಹೂಂ ಅನ್ನುತ್ತೇನೆ, ಮಾತು ಬೇಗ ಮುಗಿಯುತ್ತದೆ.

ಒಂದು ಬೀಗರೂಟದಲ್ಲಿ ಮಾತ್ರ ಪೇಚಿಗೆ ಸಿಕ್ಕಿದೆ. ಮೊದಲು ಕೋಳಿ ತುಂಡುಗಳನ್ನೇ ತಿಂದೆ, ಮುದ್ದೆ ಹಾಗೇ ಇತ್ತು. ಎದುರು ಸಾಲಿನ ದೊಡ್ಡಪ್ಪ ಜೋರಾಗಿ, 'ನೋಡ್ರಲಾ, ಹೊಟ್ಟೆ ಕೊಯ್ಸಿದೋನು ಬರೀ ತುಂಡೇ ಆಯ್ಕೊಂಡು ತಿಂತಾವ್ನೆ' ಅಂದರು. ಸಾಲಿಗೆ ಸಾಲೇ ನಕ್ಕಿತು. ಬಡಿಸುತ್ತಿದ್ದ ಅಕ್ಕ, 'ಡಾಕ್ಟ್ರು ಹಂಗೇ ಹೇಳವ್ರೆ ದೊಡ್ಡಪ್ಪ' ಅಂತ ಇನ್ನೆರಡು ತುಂಡು ಹಾಕಿ ಹೋದಳು. ಅವಳ ಕೈಯಲ್ಲಿ ಗಾಜಿನ ಬಳೆ.

ಹನ್ನೊಂದು ತಿಂಗಳಾಯಿತು. 94ಕ್ಕೆ ಬಂದಿದ್ದೇನೆ. 82 ಮತ್ತೆ ಕಾಣುತ್ತೇನೋ ಇಲ್ಲವೋ, ಡಾಕ್ಟರ್ ಕೂಡ ಆ ಮಾತು ಕೊಟ್ಟಿಲ್ಲ. ಎಡಗಾಲಿನ ಜೋಮು ಹೋಗಿದೆ, ಬಲಗಾಲಿನ ಹೆಬ್ಬೆರಳಲ್ಲಿ ಇನ್ನೂ ಇದೆ. ದೀಪಾವಳಿಯ ನಾಲ್ಕು ದಿನ ನೋಟ್‌ಬುಕ್ಕಿನಲ್ಲಿ ಏನೂ ಬರೆದಿಲ್ಲ, ಕಜ್ಜಾಯ ಎಷ್ಟು ತಿಂದೆ ಅಂತ ನನಗೂ ಅಮ್ಮನಿಗೂ ಗೊತ್ತು. ಐದನೇ ದಿನದಿಂದ ಮತ್ತೆ ಬರೆದಿದ್ದೇನೆ.

ನಿಮ್ಮ ಮನೆಯಲ್ಲೋ ಊರಲ್ಲೋ ಈ ಆಪರೇಷನ್ ಮಾಡಿಸಿಕೊಂಡು ಚೆಕಪ್‌ಗೆ ಹೋಗುವುದು ಬಿಟ್ಟವರು ಇದ್ದರೆ, ತೂಕದ ಮಾತು ಎತ್ತಬೇಡಿ. ಮಾತ್ರೆ ತಗೋತಿದ್ದೀರಾ, ಕಾಲು ಜೋಮು ಬರ್ತಿದೆಯಾ ಅಂತ ಕೇಳಿ. ನನ್ನ ಮುಂದಿನ ರಕ್ತ ಪರೀಕ್ಷೆ ಬರುವ ಸೋಮವಾರ. ಅವತ್ತೇ ಜಿಲ್ಲಾ ಪಂಚಾಯ್ತಿಯಲ್ಲಿ ಕೆಡಿಪಿ ಸಭೆ ಇದೆ. ಸಭೆಯ ಸುದ್ದಿ ಕಳಿಸಲು ಗೆಳೆಯನಿಗೆ ಹೇಳಿದ್ದೇನೆ.