ಕಾವೇರಿಗೆ ನಾಲ್ಕು ಬಾಗಿಲು

ಕಾವೇರಿ ಗಲಾಟೆ ಎದ್ದಾಗಲೆಲ್ಲ ಕೇಳಿಬರೋ ಮಾತು: "ಸುಪ್ರೀಂ ಕೋರ್ಟಿಗೆ ಹೋದ್ರೆ ಆಯ್ತಪ್ಪ!" ಸರಿ, ಹೋಗೋಣ. ಆದ್ರೆ ಯಾವ ಬಾಗಿಲಿಂದ? ಇಂಜಿನಿಯರಿಂಗ್ ಓದಿದ ನನಗೆ ಸಂವಿಧಾನ ಅಂದ್ರೆ ಉರುಹೊಡೆದು ಪಾಸಾದ ಒಂದು ಪೇಪರ್ ಅಷ್ಟೆ. ಈಚೆಗೆ ಕಾವೇರಿ ಕೇಸುಗಳ ಕಥೆ ಓದ್ತಾ ಹೋದಾಗಲೇ ಆ ವಿಧಿಗಳೆಲ್ಲ ಯಾಕಿವೆ ಅಂತ ಗೊತ್ತಾಗಿದ್ದು.

ಎರಡು ರಾಜ್ಯ ಜಗಳವಾಡಿದರೆ ನೇರ ಸುಪ್ರೀಂ ಕೋರ್ಟಿಗೇ ದಾವೆ. ಇದು 131ನೇ ವಿಧಿ, ಮೂಲ ಅಧಿಕಾರ ವ್ಯಾಪ್ತಿ. 1971ರಲ್ಲಿ ತಮಿಳುನಾಡು ಹೀಗೇ ಹೋಗಿ, ಮರುವರ್ಷ ದಾವೆ ವಾಪಸ್ ತಗೊಂಡಿತು. 1983ರಲ್ಲಿ ಅಲ್ಲಿನ ರೈತರ ಸಂಘ 32ನೇ ವಿಧಿಯಡಿ ರಿಟ್ ಅರ್ಜಿ ಹಾಕಿತು. ಅದರ ಮೇಲೆ ಕೋರ್ಟ್ ಹೇಳಿದ್ದರಿಂದಲೇ 1990ರಲ್ಲಿ ನ್ಯಾಯಮಂಡಳಿ ಹುಟ್ಟಿದ್ದು.

ಮೂರನೇ ಬಾಗಿಲು ವಿಚಿತ್ರ. 1991ರಲ್ಲಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ಬಿಡಿ ಅಂತ ಮಧ್ಯಂತರ ಆದೇಶ ಕೊಟ್ಟಾಗ ಬಂಗಾರಪ್ಪನವರ ಸರ್ಕಾರ ಸುಗ್ರೀವಾಜ್ಞೆ ತಂದಿತು. ರಾಷ್ಟ್ರಪತಿಗಳು 143ನೇ ವಿಧಿಯಡಿ ಕೋರ್ಟಿನ ಸಲಹೆ ಕೇಳಿದರು. ಇಲ್ಲಿ ತೀರ್ಪು ಅನ್ನೋದೇ ಇಲ್ಲ, ಬರೀ ಅಭಿಪ್ರಾಯ. ಬೇಡ ಅನ್ನಿಸಿದರೆ ಕೋರ್ಟ್ ಉತ್ತರ ಕೊಡದೆಯೂ ಇರಬಹುದು, 1994ರಲ್ಲಿ ಅಯೋಧ್ಯೆ ಪ್ರಶ್ನೆಗೆ ಕೊಡಲಿಲ್ಲ. ಕಾವೇರಿ ವಿಷಯದಲ್ಲಿ ಮಾತ್ರ ಕೊಟ್ಟಿತು: ಸುಗ್ರೀವಾಜ್ಞೆ ಸಂವಿಧಾನಕ್ಕೆ ವಿರುದ್ಧ. ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ಗೆಜೆಟ್‌ನಲ್ಲಿ ಬಂತು, ಬೆಂಗಳೂರು ಹೊತ್ತಿ ಉರಿಯಿತು. ಹೆಸರಿಗೆ ಬರೀ ಸಲಹೆ!

ನಾಲ್ಕನೆಯದು 136ನೇ ವಿಧಿ, ವಿಶೇಷ ಅನುಮತಿಯ ಮೇಲ್ಮನವಿ. 2007ರ ಅಂತಿಮ ಐತೀರ್ಪಿನ ವಿರುದ್ಧ ರಾಜ್ಯಗಳು ಈ ಬಾಗಿಲು ತಟ್ಟಿದವು. ಆದ್ರೆ ನದಿ ಜಗಳಕ್ಕೆ ಕೋರ್ಟುಗಳು ಕೈಹಾಕದಂತೆ ಕಾನೂನು ಮಾಡೋಕೆ 262ನೇ ವಿಧಿಯೇ ಸಂಸತ್ತಿಗೆ ಅವಕಾಶ ಕೊಟ್ಟಿದೆ, 1956ರ ಕಾಯ್ದೆ ಹಾಗೇ ಮಾಡಿದೆ. ಹಾಗಾಗಿ ಮೇಲ್ಮನವಿ ನಿಲ್ಲಲ್ಲ ಅಂತ ಕೇಂದ್ರ ವಾದಿಸಿತು. 2016ರ ಡಿಸೆಂಬರಿನಲ್ಲಿ ಕೋರ್ಟ್ ಒಪ್ಪಲಿಲ್ಲ. ನ್ಯಾಯಮಂಡಳಿ ಹೇಳಿದ್ದು ಸರಿಯೋ ಅಂತ ನೋಡೋ ನಮ್ಮ ಅಧಿಕಾರ ಈ ಕಾಯ್ದೆಯಿಂದ ಹೋಗಲ್ಲ ಅಂದಿತು.

ಆ ಬಾಗಿಲು ಮುಚ್ಚಿದ್ದಿದ್ದರೆ? ಬೆಂಗಳೂರಿನ ಮೂರನೇ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ ಅಂತ ನ್ಯಾಯಮಂಡಳಿ ಅಷ್ಟಕ್ಕೇ ನೀರಿನ ಲೆಕ್ಕ ಹಾಕಿತ್ತು. 2018ರ ಫೆಬ್ರವರಿಯಲ್ಲಿ ಕೋರ್ಟ್ ಇಡೀ ನಗರವನ್ನ ಲೆಕ್ಕಕ್ಕೆ ತಗೊಂಡು ಕರ್ನಾಟಕಕ್ಕೆ ಹೆಚ್ಚುವರಿ ಕೊಟ್ಟ 14.75 ಟಿಎಂಸಿಯಲ್ಲಿ 4.75 ಬೆಂಗಳೂರಿಗೆ ಅಂತ ಇಟ್ಟಿತು. ನಾನಿರೋದು ವರ್ತೂರು ಕಡೆ. ಇಲ್ಲಿನ ನೀರು ಹರಿಯೋದು ದಕ್ಷಿಣ ಪಿನಾಕಿನಿಗೆ. ಅಂದ್ರೆ ನ್ಯಾಯಮಂಡಳಿ ಲೆಕ್ಕದಲ್ಲಿ ನಾನು ಕಾವೇರಿಗೆ ಸಂಬಂಧವೇ ಇಲ್ಲದವನು :)

ಖುಷಿಯೇನೋ ಆಯ್ತು. ಆದರೆ 2007ರಲ್ಲೇ ಮುಗಿಯಬೇಕಿದ್ದದ್ದು ಈ ಬಾಗಿಲಿಂದಾಗಿ ಇನ್ನೂ ಹನ್ನೊಂದು ವರ್ಷ ಎಳೀತು. ಮಂಡ್ಯದ ರೈತನಿಗಾಗಲಿ ತಂಜಾವೂರಿನ ರೈತನಿಗಾಗಲಿ ಅದು ಹನ್ನೊಂದು ಬೆಳೆ ಕಾಲ.