ಪುಟ್ಟ ಚಕ್ರ ಕೊಡುವ ಧೈರ್ಯ

ಮಕ್ಕಳಿಗೆ ಮೊದಲ ಸೈಕಲ್ ಕೊಳ್ಳುವಾಗ ನೀವು ಏನನ್ನು ನೋಡುತ್ತೀರಿ? ಬಣ್ಣವನ್ನೇ? ಬೆಲೆಯನ್ನೇ? 'ದೊಡ್ಡದೇ ಇರಲಿ, ನಾಲ್ಕು ವರ್ಷ ಬರುತ್ತದೆ' ಎನ್ನುವವರೇ ನಮ್ಮಲ್ಲಿ ಹೆಚ್ಚು. ಆದರೆ ಮಗುವಿನ ಕಣ್ಣು ಮಾತ್ರ ದಪ್ಪ ಟೈರಿನ, ಗಿಡ್ಡನೆಯ ಬಿಎಂಎಕ್ಸ್ ಸೈಕಲಿನ ಮೇಲೆಯೇ ಇರುತ್ತದೆ. ಅದು ಬರೀ ಹಟವಲ್ಲ ಸಹೋದರಿಯರೇ, ಅದಕ್ಕೆ ಕಾರಣವಿದೆ.

ನಮ್ಮ ಕಾಲದಲ್ಲಿ ಕಲಿತದ್ದು ಅಪ್ಪನ 28 ಇಂಚು ಚಕ್ರದ ಸೈಕಲಿನಲ್ಲಿ. ಸೀಟಿಗೆ ಏರಲಾಗದೆ ಅಡ್ಡ ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆಯಬೇಕಿತ್ತು. ಹಾಗೆ ಕಲಿತವರು ಹುಡುಗರೇ ಹೆಚ್ಚು. ಬಿದ್ದರೆ ಹುಡುಗನಿಗೆ 'ಏಳು' ಎನ್ನುತ್ತಿದ್ದರು, ಹುಡುಗಿಗೆ 'ಸಾಕು' ಎನ್ನುತ್ತಿದ್ದರು.

ಬಿಎಂಎಕ್ಸ್‌ನ ಚಕ್ರ 20 ಇಂಚು. ಸೀಟು ತಗ್ಗಿನಲ್ಲಿರುವುದರಿಂದ ಹೆದರಿಕೆಯಾದೊಡನೆ ಕಾಲು ನೆಲಕ್ಕೆ ತಾಗುತ್ತದೆ. ಕಲಿಯುವವರಿಗೆ ಅರ್ಧ ಧೈರ್ಯ ಅಲ್ಲೇ ಬರುತ್ತದೆ. ಅಗಲವಾದ ಹ್ಯಾಂಡಲ್ ಕೈಗೆ ಹಿಡಿತ ಕೊಡುತ್ತದೆ. ಗಂಟುಗಂಟಾದ ಟೈರು ಮಣ್ಣಿನಲ್ಲಿ ಸುಲಭಕ್ಕೆ ಜಾರುವುದಿಲ್ಲ. ಗೇರ್ ಒಂದೇ ಆದ್ದರಿಂದ ಕೆಡುವುದೂ ಕಡಿಮೆ. ದಾಂಡೇಲಿಯಿಂದ ಅಂಬಿಕಾನಗರಕ್ಕೆ ಹೋಗುವ ದಾರಿಯಲ್ಲಿರುವ ಕುಳಗಿಯಂತಹ ಕಾಡಂಚಿನ ಊರಿಗೆ ಇಂತಹ ಸೈಕಲೇ ಒಗ್ಗುತ್ತದೆ.

ಇದು ಹುಟ್ಟಿದ್ದೂ ಮಣ್ಣಿನಲ್ಲಿಯೇ. 1970ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮಕ್ಕಳು ಮೋಟಾರ್ ಸೈಕಲ್ ಪಂದ್ಯಗಳನ್ನು ಕಂಡು, ತಮ್ಮ ಪುಟ್ಟ ಸೈಕಲುಗಳನ್ನು ಮಣ್ಣಿನ ದಿಬ್ಬಗಳಲ್ಲಿ ಓಡಿಸತೊಡಗಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿ ಸ್ಥಾನ ಸಿಕ್ಕಿದಾಗ ಪುರುಷರಿಗೂ ಮಹಿಳೆಯರಿಗೂ ಸ್ಪರ್ಧೆಗಳಿದ್ದವು.

ನಮ್ಮ ಹೆಣ್ಣುಮಕ್ಕಳಿಗೆ ಪದಕ ಬೇಕೆಂದು ನಾನು ಹೇಳುತ್ತಿಲ್ಲ. ಅವರಿಗೆ ಬೇಕಾಗಿರುವುದು ಹೈಸ್ಕೂಲಿನ ದಾರಿ. 2006-07ರಲ್ಲಿ ರಾಜ್ಯ ಸರಕಾರವು ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಆದರೆ ಕೈಗೆ ಸೈಕಲ್ ಬಂದರೆ ಸಾಲದು, ಓಡಿಸಲು ಬರಬೇಕು. ಬಾರದಿದ್ದರೆ ತಂಗಿಯ ಸೈಕಲ್ ಅಣ್ಣನ ಪಾಲಾಗುತ್ತದೆ. ಶಾಲೆ ದೂರವಾಯಿತೆಂದು ಅವಳ ಓದು ನಿಲ್ಲುತ್ತದೆ. ಹದಿಮೂರರ ಹರೆಯದಲ್ಲಿ ಹತ್ತು ಜನರ ಮುಂದೆ ಬೀಳಲು ಯಾವ ಹುಡುಗಿಗೂ ನಾಚಿಕೆಯೇ. ಏಳೆಂಟು ವರ್ಷದಲ್ಲಿ ಆ ನಾಚಿಕೆಯಿರುವುದಿಲ್ಲ. ಆದ್ದರಿಂದ ಕಲಿಸುವ ಕಾಲ ಅದೇ.

ಕೊಳ್ಳುವಾಗ ಕೆಲವು ಎಚ್ಚರಗಳಿರಲಿ. ಕೆಲವು ಬಿಎಂಎಕ್ಸ್‌ಗಳಿಗೆ ಒಂದೇ ಬ್ರೇಕ್ ಇರುತ್ತದೆ, ಎರಡೂ ಇರುವುದನ್ನೇ ಕೇಳಿ ಪಡೆಯಿರಿ. ಚೈನಿಗೆ ಮುಚ್ಚಳ ಹಾಕಿಸಿ, ಮಗಳ ದುಪಟ್ಟಾವನ್ನು ಬಿಗಿಯಾಗಿ ಸುತ್ತಿ ಕಟ್ಟಿ. ತಲೆಗೆ ಹೆಲ್ಮೆಟ್ ಇರಲಿ. ಕಾಡಂಚಿನವರು ಮಕ್ಕಳನ್ನು ಊರಿನ ಮೈದಾನದೊಳಗೇ ಆಡಿಸಬೇಕು, ಸಂಜೆಯಾಗುವ ಮೊದಲು ಮನೆಗೆ ಕರೆಸಬೇಕು. ತಗ್ಗು ಸೀಟಿನಲ್ಲಿ ದೂರದ ದಾರಿ ತುಳಿದರೆ ಮೊಣಕಾಲು ನೋಯುತ್ತದೆ, ಆದ್ದರಿಂದ ಮಗು ಬೆಳೆದಂತೆ ದೊಡ್ಡ ಸೈಕಲಿಗೆ ಬದಲಿಸಬೇಕು.

ಮನೆಯಲ್ಲಿ ಗಂಡುಮಗುವಿಗಾಗಿ ಒಂದು ಪುಟ್ಟ ಸೈಕಲ್ ಬಂದಿದ್ದರೆ, ಇವತ್ತು ಸಂಜೆ ಅದನ್ನು ಅರ್ಧ ಗಂಟೆ ಅವನ ತಂಗಿಯ ಕೈಗೆ ಕೊಡಿ. ಹಿಂದಿನಿಂದ ಸೀಟು ಹಿಡಿದುಕೊಳ್ಳಲು ನೀವಿದ್ದರೆ ಸಾಕು.